ರಾಣಿ, ಗದಗ, ಮಾರ್ಚ್ 1966

ನೈರೋಬಿ
2 ಏಪ್ರಿಲ್ 2025

ಕಮಲಾಕ್ಷಿಯಮ್ಮನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹೆಸರು ಭಾರ್ಗವಿ, ಊರು ಮೈಸೂರು, ಆರು ವರ್ಷದಿಂದ ನೈರೋಬಿ. ಗಂಡ ಸುದರ್ಶನ್ ಇಲ್ಲಿಯ ಗಿಗಿರಿ ಬಡಾವಣೆಯ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿದ್ದಾರೆ. ನಾನು ಕಾಗದದ ಮೇಲೆ ಬರೆದ ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವಳು. ಹರಿದದ್ದನ್ನು ಅಂಟಿಸುವುದು, ಹುಳ ತಿಂದದ್ದನ್ನು ತುಂಬುವುದು, ಕೊಳೆ ತೆಗೆಯುವುದು. ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಕೈ ನಡುಗುವುದಿಲ್ಲ.

ಇಲ್ಲಿ ಮದಾಮ್ ಸೊಲಾಂಜ್ ಎಂಬ ಫ್ರೆಂಚ್ ಚಿತ್ರಕಾರ್ತಿ ಇದ್ದರು. ಪ್ಯಾರಿಸ್ಸಿನಲ್ಲಿ ಹಳೆಯ ಶಿಸ್ತಿನಲ್ಲಿ ಕಲಿತವರು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಕಂಡದ್ದನ್ನು ಕಂಡ ಹಾಗೆ ಬರೆಯುವುದು, ಕಾಣದ್ದನ್ನು ಸೇರಿಸದೆ ಇರುವುದು ಅವರ ಪದ್ಧತಿ. ಪ್ರಾಯದಲ್ಲಿ ಇಂಡಿಯಾ ಸುತ್ತಿ, ಆಮೇಲೆ ಇಲ್ಲಿಯವರೊಬ್ಬರನ್ನು ಮದುವೆಯಾಗಿ ಇಲ್ಲೇ ಉಳಿದರು. ಎರಡು ವರ್ಷದ ಹಿಂದೆ ತೀರಿಕೊಂಡಾಗ ಮನೆ ತುಂಬ ಚಿತ್ರಗಳಿದ್ದವು. ಅವುಗಳಲ್ಲಿ ಅರವತ್ತನ್ನು ಆರಿಸಿ ಜೂನ್ 14ಕ್ಕೆ ನಮ್ಮ ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟಿದ್ದೇವೆ. ಗ್ಯಾಲರಿ ಇಂಡಸ್ಟ್ರಿಯಲ್ ಏರಿಯಾದ ಹಳೆಯ ಗೋದಾಮಿನಲ್ಲಿದೆ.

ಅರವತ್ತರಲ್ಲಿ ಒಂದು ಜಲವರ್ಣ ಚಿತ್ರ ಉಳಿದ ಐವತ್ತೊಂಬತ್ತನ್ನು ಮಂಕು ಮಾಡುತ್ತದೆ. ನಾಟಕದ ಸ್ಟೇಜು, ಹಿಂದೆ ಅರಮನೆಯ ಕಂಬಗಳ ಪರದೆ, ಮುಂದೆ ಸಿಂಹಾಸನ. ಅದರ ಮೇಲೆ ಕೆಂಪು ರವಿಕೆ, ಹಸಿರು ಸೀರೆ, ಕಿರೀಟ ತೊಟ್ಟ ರಾಣಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ‘ರಾಣಿ, ಗದಗ, ಮಾರ್ಚ್ 1966’ ಎಂದಿದೆ, ಅಷ್ಟೇ. ಇದರ ಫೋಟೋವನ್ನು ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಅದು ಊರೂರು ಸುತ್ತಿ ನಿಮ್ಮ ತಮ್ಮನ ಮೊಮ್ಮಗಳು ಅಪೇಕ್ಷಾಗೆ ತಲುಪಿತು. ‘ಇದು ನಮ್ಮಜ್ಜಿ’ ಎಂದು ಎರಡೇ ಪದ ಬರೆದಿದ್ದರು.

ಹೌದೇ? ಹೌದಾದರೆ ಚಿತ್ರದ ಪಕ್ಕದ ಫಲಕದಲ್ಲಿ ನಿಮ್ಮ ಹೆಸರು ಹಾಕಬೇಕು. ಹೆಸರಿಲ್ಲದ ಮುಖವನ್ನು ಗೋಡೆಗೆ ತೂಗುಹಾಕುವುದು ನನಗೆ ಇಷ್ಟವಿಲ್ಲ. ನಿಮಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲವಂತೆ. ಈ ಪತ್ರವನ್ನು ಅಪೇಕ್ಷಾ ಪ್ರಿಂಟ್ ಮಾಡಿ ಕೊಡುತ್ತಾರೆ, ನೀವು ಬರೆದದ್ದನ್ನು ಫೋಟೋ ತೆಗೆದು ಕಳಿಸುತ್ತಾರೆ.

ಭಾರ್ಗವಿ


ಗದಗ
5 ಏಪ್ರಿಲ್ 2025

ಭಾರ್ಗವಿಯವರಿಗೆ,

ಆ ರಾಣಿ ನಾನೇ. ಮೊದಲು ಅದನ್ನು ಬರೆದುಬಿಡುತ್ತೇನೆ.

ಅಪೇಕ್ಷಾ ಫೋನು ಮುಂದೆ ಹಿಡಿದಾಗ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ. ಕನ್ನಡಕ ಹಾಕಿಕೊಳ್ಳುವ ಮೊದಲೇ ಗುರುತು ಸಿಕ್ಕಿತು. ನಮ್ಮದು ಹೊನ್ನತ್ತೆಮ್ಮ ನಾಟ್ಯ ಸಂಘ. ಗದಗಿನಲ್ಲಿ ಆ ವರ್ಷ ನಾಲ್ಕು ತಿಂಗಳು ಕ್ಯಾಂಪು. ನಾಟಕ ‘ಚಂದ್ರಪ್ರಭೆಯ ಶಪಥ’. ಆಗ ನನಗೆ ಹದಿನೇಳು. ಮೂವತ್ತೊಂದು ವರ್ಷ ಆ ಕಂಪನಿಯ ಜೊತೆ ಊರು ಸುತ್ತಿದೆ. 1997ರಲ್ಲಿ ಮಾಲೀಕರು ಥಿಯೇಟರಿನ ತಗಡು ಬಿಚ್ಚಿ ಮಾರಿದ ದಿನ ತಮ್ಮನ ಮನೆಗೆ ಬಂದೆ.

ನೀವು ಬರೆದ ಹಸಿರು ಸೀರೆ ಹಸಿರಲ್ಲ, ಗಿಳಿಬಣ್ಣ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ನೋಡಿ ಬರೆಯಿರಿ.

ಆ ಮೇಡಂ ನೆನಪಿದ್ದಾಳೆ. ಉದ್ದನೆಯ ಹೆಂಗಸು. ಗಂಡಸರ ಹಾಗೆ ಪ್ಯಾಂಟು ತೊಟ್ಟಿದ್ದಳು, ಬಿಸಿಲಿಗೆ ಮೂಗು ಸುಲಿದಿತ್ತು. ನಾವು ‘ಮೇಡಮ್ಮ’ ಅನ್ನುತ್ತಿದ್ದೆವು. ಬರೆದು ಮುಗಿಸಿದ ಮೇಲೆ ನನಗೆ ತೋರಿಸಿ ಕಟ್ಟಿಕೊಂಡು ಹೋದಳು. ಹೋದದ್ದು ಹೋಯಿತು ಅಂದುಕೊಂಡಿದ್ದೆ. ಕಂಪನಿಯ ಕಾಲದ್ದು ನನ್ನ ಹತ್ತಿರ ಒಂದು ಫೋಟೋ ಇಲ್ಲ. ಇದ್ದದ್ದು ಇದೊಂದು ಚಿತ್ರ, ಅದೂ ಆಫ್ರಿಕಾದಲ್ಲಿ ಹೋಗಿ ಕೂತಿದೆ.

ಹೆಸರು ಹಾಕಿರಿ. ದೊಡ್ಡ ಅಕ್ಷರದಲ್ಲಿ ಹಾಕಿರಿ.

ಕಮಲಾಕ್ಷಿ


ನೈರೋಬಿ
12 ಏಪ್ರಿಲ್ 2025

ಅಮ್ಮ,

ನಿಮ್ಮ ಪತ್ರವನ್ನು ಗ್ಯಾಲರಿಯ ಯಜಮಾನಿ ಮುಥೋನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಗಿಳಿಬಣ್ಣದ ಮಾತಿಗೆ ಬಂದಾಗ ಅವರು ಮೇಜು ಬಡಿದು ನಕ್ಕರು. ‘ಇವರ ಹೆಸರು ದೊಡ್ಡ ಅಕ್ಷರದಲ್ಲೇ ಹಾಕೋಣ’ ಅಂದರು. ಫಲಕ ಹೀಗೆ ಬರೆದಿದ್ದೇನೆ: ‘ರಾಣಿ ಚಂದ್ರಪ್ರಭೆಯ ಪಾತ್ರದಲ್ಲಿ ಕಂಪನಿಯ ನಾಯಕನಟಿ ಕಮಲಾಕ್ಷಿ.’ ಆಮಂತ್ರಣ ಪತ್ರಿಕೆಯ ಮೇಲೂ ನಿಮ್ಮದೇ ಚಿತ್ರ. ನನ್ನ ಮಗಳು ಮೇಘಾ ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿತ್ರ ನೋಡಿ, ‘ಮಮ್ಮಿ, ಶೀ ಈಸ್ ದ ಬಾಸ್’ ಅಂದಳು.

ಚಿತ್ರ ಒಟ್ಟಿನಲ್ಲಿ ಆರೋಗ್ಯವಾಗಿದೆ. ಬಣ್ಣ ಮಾಸಿಲ್ಲ. ಅಂಚುಗಳನ್ನು ಹುಳ ತಿಂದಿದೆ, ಅದು ಸರಿಹೋಗುತ್ತದೆ. ಒಂದೇ ಒಂದು ತೊಂದರೆ ಇದೆ. ರಾಣಿಯ ಎಡಪಕ್ಕೆಯ ಉದ್ದಕ್ಕೆ, ಕಂಕುಳಿನಿಂದ ಸೊಂಟದ ಕೆಳಗಿನವರೆಗೆ, ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಚುಕ್ಕೆಗಳಿವೆ. ಅದೇ ಹುಳ ಅಲ್ಲೂ ಬಣ್ಣ ಕೆರೆದಿರಬೇಕು. ಕೆಂಪಿಗೆ ಕೆಂಪು, ಗಿಳಿಬಣ್ಣಕ್ಕೆ ಗಿಳಿಬಣ್ಣ ಹೊಂದಿಸಿ ಮುಚ್ಚುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ನೀವು ಆ ಪಾತ್ರ ಎಷ್ಟು ವರ್ಷ ಮಾಡಿದಿರಿ, ಮೊದಲ ಸಲ ಸ್ಟೇಜು ಹತ್ತಿದ್ದು ಯಾವಾಗ, ಮೇಡಮ್ಮ ನಿಮ್ಮನ್ನೇ ಯಾಕೆ ಆರಿಸಿದರು, ಎಲ್ಲ ಬರೆಯಿರಿ. ಪುಸ್ತಿಕೆಯಲ್ಲಿ ಒಂದು ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ.

ಭಾರ್ಗವಿ


ಗದಗ
15 ಏಪ್ರಿಲ್ 2025

ಭಾರ್ಗವಿಗೆ,

ಚಂದ್ರಪ್ರಭೆ ಸ್ಟೇಜಿಗೆ ಬರುವುದು ಎರಡನೇ ಅಂಕದಲ್ಲಿ. ಅಲ್ಲಿಯವರೆಗೆ ಜನ ಶೇಂಗಾ ತಿನ್ನುತ್ತ, ಮಕ್ಕಳನ್ನು ಗದರುತ್ತ ಕೂತಿರುತ್ತಿದ್ದರು. ಪರದೆ ಮೇಲೆ ಹೋಗಿ ರಾಣಿ ಸಿಂಹಾಸನದ ಮೇಲೆ ಕಂಡಳು ಅಂದರೆ ಶೇಂಗಾದ ಸಪ್ಪಳ ನಿಲ್ಲುತ್ತಿತ್ತು. ‘ಈ ಖಡ್ಗ ಒರೆಗೆ ಸೇರುವುದು ನನ್ನ ಗಂಡನ ಹಂತಕನ ಎದೆಯನ್ನು ಕಂಡ ಮೇಲೆಯೇ’ ಎಂಬ ಮಾತಿಗೆ ಮುಂದೆ ನೆಲದ ಮೇಲೆ ಕೂತ ಚಾಪೆಯವರೂ ಹಿಂದಿನ ಕುರ್ಚಿಯವರೂ ಸೇರಿ ಒನ್ಸ್‌ಮೋರ್ ಅನ್ನುತ್ತಿದ್ದರು. ಒಂದು ದಿನ ಮೂರು ಸಲ ಒನ್ಸ್‌ಮೋರ್ ಆಗಿ ನಾಟಕ ಮುಂದಕ್ಕೆ ಹೋಗಲೇ ಇಲ್ಲ. ಪೂರ್ತಿ ನಾಟಕ ನನಗೆ ಬಾಯಿಪಾಠ ಇದೆ. ಬೇಕಾದರೆ ಕೇಳು, ರಾಜನ ಮಾತನ್ನೂ ಹೇಳುತ್ತೇನೆ.

ಇಷ್ಟು ಪುಟಕ್ಕೆ ಸಾಕು. ವರ್ಷ, ತಾರೀಕು ಯಾರು ಓದುತ್ತಾರೆ.

ಚುಕ್ಕೆಗಳ ವಿಷಯ. ಅವು ಹಾಗೇ ಇದ್ದರೆ ಏನು ನಷ್ಟ? ಅರವತ್ತು ವರ್ಷ ಇದ್ದವು. ಕೆಲಸ ನಿನ್ನದು, ನಾನು ಹೇಳುವವಳಲ್ಲ, ಆದರೂ ಅವಸರ ಮಾಡಬೇಡ.

ಅಪೇಕ್ಷಾ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ, ಪ್ರತಿ ವರ್ಷ ಹುಡುಗರಿಂದ ಒಂದು ನಾಟಕ ಮಾಡಿಸುತ್ತಾಳೆ. ನೀನು ಕಳಿಸಿದ ಆಮಂತ್ರಣ ಪತ್ರಿಕೆಯನ್ನು ತನ್ನ ಡಿಪಾರ್ಟ್‌ಮೆಂಟಿನ ಬಾಗಿಲಿಗೆ ಅಂಟಿಸಿದ್ದಾಳೆ.

ಕಮಲಾಕ್ಷಿ


ನೈರೋಬಿ
9 ಮೇ 2025

ಕಮಲಾಕ್ಷಿಯಮ್ಮನವರಿಗೆ,

ನೇರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ಬೆಂಗಳೂರಿನಿಂದ ಪ್ರಥಮ್ ಎನ್ನುವವರು ಗ್ಯಾಲರಿಗೆ ಮೇಲ್ ಮಾಡಿದ್ದಾರೆ. ಹೊನ್ನತ್ತೆಮ್ಮ ನಾಟ್ಯ ಸಂಘದ ನಟಿ ವಿಶಾಲಾಕ್ಷಿ ದೇವಿಯವರ ಮೊಮ್ಮಗ. ಆಮಂತ್ರಣ ಪತ್ರಿಕೆಯ ಚಿತ್ರ ತಮ್ಮ ಅಜ್ಜಿಯದು ಎನ್ನುತ್ತಾರೆ. ಬರೀ ಮಾತಲ್ಲ. 1966ರ ಮಾರ್ಚ್ ತಿಂಗಳ ಹ್ಯಾಂಡ್‌ಬಿಲ್ ಕಳಿಸಿದ್ದಾರೆ. ಅದರಲ್ಲಿ ಹದಿನಾಲ್ಕು ಪಾತ್ರಧಾರಿಗಳ ಹೆಸರಿದೆ, ಚಂದ್ರಪ್ರಭೆಯ ಎದುರಿಗೆ ವಿಶಾಲಾಕ್ಷಿ ದೇವಿ ಎಂದಿದೆ. ನಿಮ್ಮ ಹೆಸರು ಎಲ್ಲೂ ಇಲ್ಲ. ಜೊತೆಗೆ ಅವರ ಒಂದು ಫೋಟೋ ಇದೆ. ಅದೇ ಕಿರೀಟ, ಅದೇ ರವಿಕೆಯ ಕಸೂತಿ.

ಚಿತ್ರದಲ್ಲಿ ಮುಖ ಹೆಬ್ಬೆರಳಿನ ಉಗುರಿನಷ್ಟಿದೆ, ಮೇಲೆ ಕಿರೀಟದ ನೆರಳು. ಮುಖ ನೋಡಿ ಯಾರೆಂದು ಹೇಳಲು ನನ್ನಿಂದಾಗದು. ನಿಮ್ಮ ಹೋದ ಪತ್ರವನ್ನು ಮತ್ತೆ ಓದಿದೆ. ರಾಣಿ ಬಂದಳು, ಜನ ಕೂಗಿದರು ಎಂದಿದೆ. ನೀವು ಸ್ಟೇಜಿನ ಮೇಲೆ ಇದ್ದಿರಿ ಎಂದು ನೀವು ಎಲ್ಲೂ ಬರೆದಿಲ್ಲ.

ಮುಥೋನಿ ನನ್ನನ್ನು ಕೇಳುತ್ತಿದ್ದಾರೆ, ಏಕೆಂದರೆ ನಿಮ್ಮನ್ನು ನಂಬಿ ಎಂದು ಹೇಳಿದ್ದು ನಾನು. ನಿಮ್ಮ ಹತ್ತಿರ ಏನಾದರೂ ಸಾಕ್ಷಿ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಫಲಕದಲ್ಲಿ ವಿಶಾಲಾಕ್ಷಿ ದೇವಿಯವರ ಹೆಸರು ಹಾಕಬೇಕಾಗುತ್ತದೆ.

ಭಾರ್ಗವಿ


ಗದಗ
14 ಮೇ 2025

ಭಾರ್ಗವಿ,

ಈ ಪತ್ರ ಅಪೇಕ್ಷಾ ಕೈಯಿಂದ ಬರುತ್ತಿಲ್ಲ. ಪೋಸ್ಟ್ ಆಫೀಸಿಗೆ ನಾನೇ ಆಟೋ ಮಾಡಿಕೊಂಡು ಹೋಗಿ ರಿಜಿಸ್ಟರ್ ಮಾಡುತ್ತೇನೆ. ಕೆನ್ಯಾಕ್ಕೆ ಇಪ್ಪತ್ತು ದಿನ ಹಿಡಿಯಬಹುದು ಅಂದಿದ್ದಾರೆ. ಹಿಡಿಯಲಿ.

ನಾನು ನಾಟಕದಲ್ಲಿ ಪಾರ್ಟು ಮಾಡಿದವಳಲ್ಲ. ಒಂದು ದಿನವೂ ಇಲ್ಲ. ಡ್ರೆಸ್ಸಿನ ಟ್ರಂಕುಗಳು ನನ್ನ ಸುಪರ್ದಿನಲ್ಲಿದ್ದವು. ಒಗೆಯುವುದು, ಇಸ್ತ್ರಿ ಮಾಡುವುದು, ಹರಿದದ್ದು ಹೊಲಿಯುವುದು, ಜರಿ ಬಿಟ್ಟರೆ ಹಚ್ಚುವುದು. ನೀನು ಕಾಗದಕ್ಕೆ ಮಾಡುವುದನ್ನೇ ನಾನು ಬಟ್ಟೆಗೆ ಮಾಡಿದೆ.

ಆದರೂ ಆ ರಾಣಿ ನಾನೇ. ಹೇಗೆಂದು ಕೇಳು. ಮೇಡಮ್ಮ ನಾಟಕ ನೋಡಿ ಮರುದಿನ ಬೆಳಿಗ್ಗೆ ಎಂಟಕ್ಕೆ ಬಣ್ಣದ ಡಬ್ಬಿ ಹಿಡಿದು ಬಂದಳು. ಅವಳಿಗೆ ಸೂರ್ಯನ ಬೆಳಕೇ ಬೇಕು, ನಮ್ಮ ಥಿಯೇಟರಿನ ಪಕ್ಕದ ತಗಡು ತೆಗೆದರೆ ಹನ್ನೊಂದರವರೆಗೆ ಸ್ಟೇಜಿನ ಮೇಲೆ ಚೆನ್ನಾಗಿ ಬೆಳಕು ಬೀಳುತ್ತಿತ್ತು. ಆದರೆ ಕಂಪನಿಯವರು ಮಧ್ಯಾಹ್ನದವರೆಗೆ ಮಲಗುವವರು. ವಿಶಾಲಾಕ್ಷಿ ದೇವಿ ಬಾಗಿಲು ಕೂಡ ತೆಗೆಯಲಿಲ್ಲ. ‘ರಾತ್ರಿ ಬಾ ಅನ್ರಿ, ಟಿಕೆಟ್ ತಗೊಂಡು ನೋಡ್ಲಿ’ ಅಂದರು. ನಾನು ಹಗ್ಗದ ಮೇಲೆ ರಾಣಿಯ ರವಿಕೆ ಒಣಹಾಕುತ್ತಿದ್ದೆ. ಮೇಡಮ್ಮ ನನ್ನನ್ನು ನೋಡಿದಳು, ರವಿಕೆ ನೋಡಿದಳು, ತೊಟ್ಟುಕೋ ಎಂದು ಕೈಸನ್ನೆ ಮಾಡಿದಳು.

ಬಟ್ಟೆ ತೊಡುವುದು ದೊಡ್ಡ ಮಾತಲ್ಲ. ಕಿರೀಟ ದೊಡ್ಡ ಮಾತು. ಅದಕ್ಕೆ ದಿನಾ ಊದಿನಕಡ್ಡಿ ಬೆಳಗಿ ಪೂಜೆ ಮಾಡುತ್ತಿದ್ದೆವು. ಪಾತ್ರ ಮಾಡುವವರ ತಲೆಯ ಮೇಲೆ ಬಿಟ್ಟು ಬೇರೆ ಯಾರ ತಲೆಯ ಮೇಲೂ ಇಡುವಂತಿಲ್ಲ. ನಾನು ಇಟ್ಟುಕೊಂಡೆ.

ವಿಶಾಲಾಕ್ಷಿ ದೇವಿಯವರದು ತುಂಬಿದ ಮೈ. ನಾನು ಕಡ್ಡಿ. ರವಿಕೆಯಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಎಡಗಡೆಗೆ ಎಳೆದು ಪಿನ್ನು ಹಾಕಿಕೊಂಡೆ, ರವಿಕೆಗೆ ಆರು, ಸೀರೆಗೆ ಐದು. ಮೇಡಮ್ಮ ಹತ್ತಿರ ಬಂದು ಪಿನ್ನು ಮುಟ್ಟಿ ನೋಡಿದಳು. ತೆಗೆ ಅನ್ನುತ್ತಾಳೆ ಅಂದುಕೊಂಡೆ, ಇರಲಿ ಅಂದಳು. ಬರೆದು ಮುಗಿದ ಮೇಲೆ ಚಿತ್ರದಲ್ಲಿ ತೋರಿಸಿದಳು, ಪ್ರತಿಯೊಂದು ಪಿನ್ನಿನ ಜಾಗವನ್ನೂ ಬಣ್ಣ ಹಚ್ಚದೆ ಬಿಳಿಯಾಗಿ ಬಿಟ್ಟಿದ್ದಳು. ನೀನು ಹುಳ ತಿಂದಿದೆ ಅಂದೆಯಲ್ಲ, ಎಣಿಸು. ಹನ್ನೊಂದು ಇರಬೇಕು. ಮುಚ್ಚಿದ್ದರೆ ತೆಗೆ.

ಮೂರು ಬೆಳಿಗ್ಗೆ ಕೂತೆ. ಮೂರನೆಯ ದಿನ ವಿಶಾಲಾಕ್ಷಿ ದೇವಿ ಬೇಗ ಎದ್ದು ಬಂದುಬಿಟ್ಟರು. ಅವರು ಪರದೆಯ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ, ‘ಹಂಗ ಕುಂಡ್ರಬ್ಯಾಡಬೇ. ಕೆಲಸಕ್ಕ ಬಂದಾಕಿ ಹಂಗ ಕುಂತೀಯಲ್ಲ. ಕುರ್ಚಿ ನಿಂದ ಐತಿ ಅನ್ನು. ಗದ್ದ ಮ್ಯಾಲೆ ಮಾಡು’ ಅಂದರು. ಬಂದು ನನ್ನ ಬೆನ್ನಿಗೆ ಅಂಗೈ ಹಚ್ಚಿ ನೆಟ್ಟಗೆ ಮಾಡಿದರು. ಮಾಲೀಕರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೇಡಮ್ಮ ಹಿಂದಿನ ಎರಡು ದಿನದ್ದನ್ನು ಹರಿದು ಹಾಕಿ ಹೊಸ ಕಾಗದದ ಮೇಲೆ ಬರೆದಳು.

ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಅನ್ನುವೆ. ತಮ್ಮನ ಮನೆಗೆ ಬಂದ ಹೊಸತರಲ್ಲಿ ಓಣಿಯ ಹೆಂಗಸರು ಕಂಪನಿಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರು. ಬಟ್ಟೆ ಒಗೆಯುತ್ತಿದ್ದೆ ಎನ್ನಲು ನಾಲಿಗೆ ಏಳಲಿಲ್ಲ, ರಾಣಿ ಪಾರ್ಟು ಅಂದುಬಿಟ್ಟೆ. ಅಪೇಕ್ಷಾ ಅದನ್ನೇ ಕೇಳುತ್ತ ಬೆಳೆದಳು. ಅವಳು ನಾಟಕ ಕಲಿಸುವುದೇ ನನ್ನಿಂದ. ಮೊನ್ನೆ ನಿನ್ನ ಪತ್ರ ಓದಿ ಕೆಂಡವಾದಳು, ನನ್ನ ಮೇಲಲ್ಲ, ನಿನ್ನ ಮೇಲೆ. ‘ನಮ್ಮಜ್ಜಿ ಕಿರೀಟ ಕಸ್ಕೊಳ್ಳಾಕ ಬಂದಾರ, ನಾ ಬರೀತೀನಿ ಅವರಿಗೆ’ ಅಂದಳು. ಕೈ ನೋಯುತ್ತದೆ, ಆಮೇಲೆ ನಾನೇ ಬರೆಯುತ್ತೇನೆ ಎಂದು ತಡೆದೆ. ಅವಳು ನನ್ನ ಪರವಾಗಿ ಜಗಳಕ್ಕೆ ನಿಂತದ್ದನ್ನು ನೋಡಿ ನನಗೆ ಊಟ ಸೇರುತ್ತಿಲ್ಲ.

ಹೆಸರು ಹಾಕಬೇಡ ಅನ್ನಲು ಮನಸ್ಸಿಲ್ಲ. ಹಾಕು ಅನ್ನಲು ಧೈರ್ಯವಿಲ್ಲ. ಇದನ್ನು ಅವಳಿಗೆ ತಿಳಿಸಬೇಡ.

ಕಮಲಾಕ್ಷಿ


ನೈರೋಬಿ
27 ಮೇ 2025

ಕಮಲಾಕ್ಷಿಯಮ್ಮನವರಿಗೆ,

ಹದಿನೆಂಟು ದಿನವಾಯಿತು, ನಿಮ್ಮಿಂದ ಉತ್ತರವಿಲ್ಲ. ಅಪೇಕ್ಷಾ ಬರೆದಿದ್ದರು. ಹ್ಯಾಂಡ್‌ಬಿಲ್‌ಗಳಲ್ಲಿ ಹೆಸರು ತಪ್ಪಾಗುವುದು ಮಾಮೂಲು, ಅಜ್ಜಿಯ ಮಾತೇ ಸಾಕ್ಷಿ ಎಂದು ಸ್ವಲ್ಪ ಖಾರವಾಗಿಯೇ ಬರೆದಿದ್ದಾರೆ. ಅವರ ಅಭಿಮಾನ ಅರ್ಥವಾಗುತ್ತದೆ. ಆದರೆ ಅಭಿಮಾನವನ್ನು ಫಲಕದ ಮೇಲೆ ಅಚ್ಚು ಹಾಕಿಸಲು ಬರುವುದಿಲ್ಲ.

ನಾನು ಅವಸರಪಟ್ಟು ನಿಮ್ಮನ್ನು ನಂಬಿದೆ ಎಂದು ಬೇಸರವಾಗಿದೆ. ಹೇಳದೆ ಇರುವುದಕ್ಕಿಂತ ಹೇಳಿಬಿಡುವುದು ಒಳ್ಳೆಯದು.

ಚುಕ್ಕೆಗಳಲ್ಲಿ ಮೂರನ್ನು ಮುಚ್ಚಿದ್ದೇನೆ. ಉಳಿದ ಎಂಟನ್ನು ಜೂನ್ 5ಕ್ಕೆ ಮುಗಿಸಿ ಚೌಕಟ್ಟಿಗೆ ಕೊಡುತ್ತೇನೆ. ಫಲಕ 10ನೇ ತಾರೀಕು ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಸದ್ಯಕ್ಕೆ ಅದರ ಮೇಲೆ ವಿಶಾಲಾಕ್ಷಿ ದೇವಿಯವರ ಹೆಸರಿದೆ.

ಭಾರ್ಗವಿ


ನೈರೋಬಿ
6 ಜೂನ್ 2025

ಅಮ್ಮ,

ನಿನ್ನೆ ಬೆಳಿಗ್ಗೆ ಅಂಚೆಯಲ್ಲಿ ನಿಮ್ಮದು ತಲುಪಿತು. ಬಣ್ಣ ಕಲಸಿಕೊಂಡು, ಕುಂಚ ಕೈಯಲ್ಲಿ ಹಿಡಿದು ಕೂತಿದ್ದೆ. ಲಕೋಟೆ ಒಡೆದು ಓದಿ, ಕುಂಚ ತೊಳೆದಿಟ್ಟು ಬಂದೆ.

ಅದರಲ್ಲಿರುವುದನ್ನು ಇಲ್ಲಿ ಬರೆಯುವುದಿಲ್ಲ. ಭೂತಗನ್ನಡಿ ಇಟ್ಟು ಎಣಿಸಿದೆ ಎಂದಷ್ಟೇ ಹೇಳುತ್ತೇನೆ. ನೀವು ಹೇಳಿದಷ್ಟೇ ಇವೆ. ಪ್ರತಿಯೊಂದರ ಸುತ್ತಲೂ ಕೂದಲೆಳೆಯಂಥ ಪೆನ್ಸಿಲ್ ಗೆರೆ ಇದೆ. ಹುಳಕ್ಕೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ ಎಂದು ನನಗೆ ತಿಳಿಯಬೇಕಿತ್ತು. ಹದಿನೆಂಟು ವರ್ಷದ ಅನುಭವ ಎಂದು ಜಂಬ ಕೊಚ್ಚಿಕೊಂಡಿದ್ದೆ. ಅಂಚಿನಲ್ಲಿ ಹುಳ ಕಂಡ ಕೂಡಲೇ ಎಲ್ಲ ಕಡೆಯೂ ಹುಳವೇ ಎಂದು ತೀರ್ಮಾನ ಮಾಡಿಬಿಟ್ಟೆ. ನಮ್ಮ ಕೆಲಸದಲ್ಲಿ ಹಚ್ಚಿದ್ದನ್ನು ವಾಪಸ್ಸು ತೆಗೆಯಲು ಬರುವಂತೆಯೇ ಹಚ್ಚುತ್ತೇವೆ. ಮೂರನ್ನೂ ತೆಗೆದಿದ್ದೇನೆ. ಹೋದ ಪತ್ರದ ಬಿರುಸು ಮಾತಿಗೆ ಕ್ಷಮೆ ಇರಲಿ.

ಚಿತ್ರದಲ್ಲಿ ಇರುವವರು ನೀವೇ. ಇನ್ನು ಯಾರು ಬಂದು ಕೇಳಿದರೂ ನಾನು ತೋರಿಸಿಕೊಡಬಲ್ಲೆ. ಆದರೆ ತೋರಿಸಬೇಕಾದರೆ ಹೇಗೆ, ಯಾಕೆ ಎಂಬುದನ್ನೂ ಹೇಳಬೇಕು. ಅದು ನಿಮ್ಮ ಮಾತು, ನನ್ನದಲ್ಲ. ಬೇಡವೆಂದರೆ ಫಲಕದ ಮೇಲೆ ಬರೀ ‘ರಾಣಿ’ ಎಂದಿರುತ್ತದೆ, ಯಾರ ಹೆಸರೂ ಇರುವುದಿಲ್ಲ. ಪ್ರಥಮ್‌ರಿಗೆ ನಾನು ಹೇಗಾದರೂ ಸಮಾಧಾನ ಹೇಳುತ್ತೇನೆ. ಬೇಕೆಂದರೆ ಏನು ಬರೆಯಬೇಕೆಂದು ನೀವೇ ಹೇಳಿ. ಹತ್ತನೇ ತಾರೀಕು ಮಧ್ಯಾಹ್ನದೊಳಗೆ.

ಭಾರ್ಗವಿ


ಗದಗ
8 ಜೂನ್ 2025

ಭಾರ್ಗವಿ,

ಅಕ್ಷರ ನನ್ನದಲ್ಲ ಎಂದು ನಿನಗೆ ಗೊತ್ತಾಗಿರಬೇಕು. ಅಪೇಕ್ಷಾ ಕೈಯಿಂದ ಬರೆಸುತ್ತಿದ್ದೇನೆ. ನಿನ್ನ ಪತ್ರ ಓದಿದವಳು, ‘ಯಾವ ಅಂಚೆ ಅಜ್ಜಿ? ನನಗ ಹೇಳಲಾರದ್ದು ಏನ್ ಬರ್ದಿ?’ ಎಂದು ಕೇಳಿದಳು. ಪೆನ್ನು ತಾ, ನಾನು ಹೇಳುತ್ತೇನೆ, ಬರಿ, ನಡುವೆ ಮಾತಾಡಬೇಡ ಅಂದಿದ್ದೇನೆ.

ಬರಿ. ಫಲಕದ ಮೇಲೆ ಹೀಗೆ ಹಾಕಬೇಕು. ‘ಹೊನ್ನತ್ತೆಮ್ಮ ನಾಟ್ಯ ಸಂಘದ ಡ್ರೆಸ್ಸು ನೋಡಿಕೊಳ್ಳುತ್ತಿದ್ದ ಕಮಲಾಕ್ಷಿ, ರಾಣಿ ಚಂದ್ರಪ್ರಭೆಯ ವೇಷದಲ್ಲಿ. ಪಾತ್ರ ವಿಶಾಲಾಕ್ಷಿ ದೇವಿಯವರದು. ಹೀಗೆ ಕೂರಲು ಕಲಿಸಿದವರೂ ಅವರೇ.’

‘ಅಜ್ಜಿ, ಡ್ರೆಸ್ಸು ಅಂದ್ರ?’ ಅನ್ನುತ್ತಿದ್ದಾಳೆ. ಅದನ್ನೂ ಬರಿ ಅಂದೆ. ಡ್ರೆಸ್ಸು ಅಂದರೆ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಹೊಲಿಯುವುದು. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಒಂದು ದಿನವೂ ಬಣ್ಣ ಹಚ್ಚಲಿಲ್ಲ, ಒಂದು ಮಾತೂ ಸ್ಟೇಜಿನ ಮೇಲೆ ಆಡಲಿಲ್ಲ. ಅಪೇಕ್ಷಾ, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದೆಲ್ಲ ನಾನು ಪರದೆಯ ಹಿಂದಿನಿಂದ ನೋಡಿದ್ದು. ಬರಿ ಅಪೇಕ್ಷಾ, ನಿಲ್ಲಿಸಬೇಡ.

ನಿಲ್ಲಿಸಿದಳು. ಇಲ್ಲಿಂದ ಮುಂದಿನದು ನನ್ನ ಅಕ್ಷರ. ಪೆನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿದ್ದಾಳೆ, ಅಳುತ್ತಿದ್ದಾಳೋ ಏನೋ, ಸಪ್ಪಳ ಇಲ್ಲ. ಫೋಟೋ ತೆಗೆದು ಕಳಿಸುತ್ತಾಳೋ ಇಲ್ಲವೋ ತಿಳಿಯದು. ಕಳಿಸದಿದ್ದರೆ ನಾಳೆ ಝೆರಾಕ್ಸ್ ಅಂಗಡಿಗೆ ನಾನೇ ಹೋಗಿ ಮೇಲ್ ಮಾಡಿಸುತ್ತೇನೆ.

ಹೆಸರು ದೊಡ್ಡ ಅಕ್ಷರದಲ್ಲೇ ಇರಲಿ. ಇಬ್ಬರದೂ.

ಕಮಲಾಕ್ಷಿ


ನೈರೋಬಿ
15 ಜೂನ್ 2025

ಪ್ರೀತಿಯ ಅಮ್ಮ,

ನಿನ್ನೆ ಉದ್ಘಾಟನೆ ಆಯಿತು. ಕಸರಾನಿಯ ಸ್ಟೇಡಿಯಂನಲ್ಲಿ ಏನೋ ಫುಟ್‌ಬಾಲ್ ಪಂದ್ಯವಿತ್ತು, ಅರ್ಧ ಊರಿನ ಮಟಾಟುಗಳು, ಅಂದರೆ ಬಾಡಿಗೆ ವ್ಯಾನುಗಳು, ಆ ಕಡೆ ಹೋಗಿದ್ದವು, ಜನ ಬರುತ್ತಾರೋ ಇಲ್ಲವೋ ಎಂದು ಮುಥೋನಿ ಬಾಗಿಲಿಗೂ ಒಳಗೂ ಓಡಾಡುತ್ತಿದ್ದರು. ಐದೂವರೆಗೆ ಕಾಲಿಡಲು ಜಾಗವಿರಲಿಲ್ಲ.

ನಿಮ್ಮನ್ನು ಬಾಗಿಲಿನ ಎದುರಿನ ಗೋಡೆಯ ಮೇಲೆ, ಒಬ್ಬರನ್ನೇ ಇಟ್ಟಿದ್ದೇವೆ. ಚೌಕಟ್ಟು ಮಾಡಿದವರು ರಾಬರ್ಟ್ ಎಂದು, ಮಂಗಳೂರು ಕಡೆಯ ಕೊಂಕಣಿಯವರು, ಹುಟ್ಟಿದ್ದು ಇಲ್ಲೇ. ‘ಇದಕ್ಕೆ ಚಿನ್ನದ ಫ್ರೇಮ್ ಬೇಡ ಮಾರಾಯ್ರೆ, ಅವರ ಹತ್ರ ಉಂಟಲ್ಲ ಕಿರೀಟ’ ಎಂದು ಸಾದಾ ಕಪ್ಪು ಮರ ಹಾಕಿದರು. ಫಲಕ ನೀವು ಹೇಳಿದಂತೆಯೇ ಇದೆ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ. ಪಿನ್ನುಗಳ ಬಗ್ಗೆ ಕೆಳಗೆ ಎರಡು ಸಾಲು ನಾನು ಸೇರಿಸಿದೆ. ಜನ ಫಲಕ ಓದಿ, ಬಗ್ಗಿ ಬಗ್ಗಿ ಎಣಿಸುತ್ತಿದ್ದರು. ಇಲ್ಲಿಯ ಒಬ್ಬ ದರ್ಜಿ ಹೆಂಗಸು ಎಣಿಸಿ ಮುಗಿಸಿ, ಎದ್ದು ನಿಂತು ಚಿತ್ರಕ್ಕೆ ‘ಅಸಾಂಟೆ ಮಾಮಾ’ ಎಂದಳು. ಅಂದರೆ ಉಪಕಾರವಾಯಿತು ತಾಯಿ ಎಂದು.

ಪ್ರಥಮ್‌ರಿಗೆ ಫಲಕದ ಫೋಟೋ ಕಳಿಸಿ, ಆ ಬೆಳಗಿನ ಸಂಗತಿಯನ್ನೂ ಬರೆದಿದ್ದೆ. ಎರಡು ದಿನ ಕಳೆಯಿತು. ಆಮೇಲೆ ಫೋನ್ ಮಾಡಿದರು. ‘ಅಜ್ಜೀನ ಬೆಳಿಗ್ಗೆ ಯಾರಾದ್ರೂ ಎಬ್ಬಿಸಿದ್ರೆ ಕೊಂದೇ ಬಿಡೋರು ಮೇಡಂ. ಅವರೇ ಎದ್ದು ಬಂದು ಹೇಳಿಕೊಟ್ರು ಅಂದ್ರೆ ಹುಡುಗೀಲಿ ಏನೋ ಕಂಡಿರಬೇಕು’ ಅಂದರು. ಪಾತ್ರ ಯಾರದು ಎಂದು ಬರೆಸಿದ್ದಕ್ಕೆ ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಎಂಟನೇ ತಾರೀಕಿನ ಪತ್ರವನ್ನು ಅಪೇಕ್ಷಾ ಕಳಿಸಿದರು, ತಮ್ಮ ಕಡೆಯಿಂದ ಒಂದು ಮಾತೂ ಬರೆಯದೆ. ಅವರು ಹೇಗಿದ್ದಾರೆ? ನನಗೆ ಅದೇ ಯೋಚನೆ.

ಭಾರ್ಗವಿ


ಗದಗ
21 ಜೂನ್ 2025

ಭಾರ್ಗವಿ,

ಮೊದಲು ಅಪೇಕ್ಷಾ ಸುದ್ದಿ, ನಿನ್ನ ಯೋಚನೆ ಅದೇ ಅಂದೆಯಲ್ಲ.

ಮೂರು ದಿನ ಮಾತಾಡಲಿಲ್ಲ. ತಟ್ಟೆ ಹಾಕುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಕಣ್ಣು ಎತ್ತುತ್ತಿರಲಿಲ್ಲ. ಎರಡನೆಯ ದಿನ ಕಾಲೇಜಿನ ಬಾಗಿಲಿಗೆ ಅಂಟಿಸಿದ್ದ ಆಮಂತ್ರಣ ಪತ್ರಿಕೆ ಕಿತ್ತು ತಂದು ಕಪಾಟಿನಲ್ಲಿ ಇಟ್ಟಳು. ಅವಳ ನಾಟಕಗಳ ಕರಪತ್ರದಲ್ಲೆಲ್ಲ ‘ವೃತ್ತಿರಂಗಭೂಮಿಯ ನಟಿ, ನನ್ನ ಅಜ್ಜಿಗೆ’ ಎಂದು ಅಚ್ಚು ಹಾಕಿಸಿದ್ದಳು, ಆರು ವರ್ಷ. ಅದನ್ನು ನಾನು ಓದಿ ಓದಿ ಮಡಿಸಿಟ್ಟಿದ್ದೆ, ಒಂದು ಸಲವೂ ಬೇಡ ಅನ್ನಲಿಲ್ಲ. ಸಿಟ್ಟು ಬರಬೇಕಾದದ್ದೇ. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಹೇಳಲು ನನಗೆ ಮುಖವೂ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಾಲೇಜಿಗೆ ಹೊರಟವಳು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದಳು. ಅಂಗಳದ ಪ್ಲಾಸ್ಟಿಕ್ ಕುರ್ಚಿ ತಂದು ಪಡಸಾಲೆಯ ನಡುವೆ ಇಟ್ಟಳು.

‘ಕುಂಡ್ರು’ ಅಂದಳು. ‘ಅಕಿ ಹೆಂಗ ಕಲಿಸಿದ್ಲೋ ಹಂಗ ಕುಂಡ್ರು. ನಾ ನೋಡ್ತೀನಿ.’

ನೋಡು ಭಾರ್ಗವಿ, ಇವಳು ನಾಟಕ ಕಲಿಸುವವಳು. ಹುಡುಗರು ಬೆರಳು ತಪ್ಪಾಗಿ ಮಡಿಸಿದರೂ ಬಿಡುವವಳಲ್ಲ. ನನ್ನ ಮೊಣಕಾಲು ಮಡಚುವುದಿಲ್ಲ, ಮೈಮೇಲೆ ನೈಟಿ, ಹೆಗಲ ಮೇಲೆ ಟವೆಲ್ಲು. ಟವೆಲ್ಲು ತೆಗೆದಿಟ್ಟು ಕೂತೆ. ಮೊದಲು ಬೆನ್ನು, ಆಮೇಲೆ ಗದ್ದ. ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವಳು ಎಡಗಡೆಯಿಂದ ಒಂದು ಸುತ್ತು ಬಂದಳು, ಬಲಗಡೆ ನಿಂತು ನೋಡಿದಳು. ಏನನ್ನೂ ತಿದ್ದಲಿಲ್ಲ. ಬ್ಯಾಗು ಕೆಳಗಿಟ್ಟು ನನ್ನ ಮುಂದೆ ನೆಲದ ಮೇಲೆ ಕೂತುಬಿಟ್ಟಳು, ಚಾಪೆಯವರ ಹಾಗೆ.

ಅವಳ ಒಂಬತ್ತೂವರೆ ಬಸ್ಸು ಹೋಯಿತು. ನಾನೂ ಹೇಳಲಿಲ್ಲ, ಅವಳೂ ಏಳಲಿಲ್ಲ.

ಕಮಲಾಕ್ಷಿ